ಕೆಲ್ಟಿಕ್ ಟೂರ್‌ನಲ್ಲಿ ಕೆಲ್ಟಿಕ್ ಎಷ್ಟು?

ಸಂಪಾದಕರಿಗೆ ನಮಸ್ಕಾರ.

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಪ್ರವಾಸದ ಬಗ್ಗೆ ಇಡೀ ಪುಟದ ಲೇಖನ ಬಂದಿತ್ತು. ಫೋಟೋಗಳು ಚೆನ್ನಾಗಿದ್ದವು. ಅದೇ ಊರುಗಳನ್ನು ನಾನು ಮತ್ತು ನಮ್ಮನೆಯವರು ಕಳೆದ ಜೂನ್‌ನಲ್ಲಿ ಹನ್ನೆರಡು ದಿನ ಸುತ್ತಿ ಬಂದಿದ್ದೆವು, ಹಾಗಾಗಿ ಕಾಫಿ ಆರಿದ್ದೂ ಗೊತ್ತಾಗದೆ ಓದಿದೆ. ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಇದೇ ಮುಂಬೈಯಲ್ಲಿ ಕನ್ನಡ ಶಾಲೆಯ ಟೀಚರ್ ಆಗಿ ರಿಟೈರ್ ಆದವಳು ನಾನು. ಕೆಂಪು ಪೆನ್ನಿನ ಚಟ ಇನ್ನೂ ಹೋಗಿಲ್ಲ.

ಮೊದಲು ಹೆಸರು. ಲೇಖನದ ಉದ್ದಕ್ಕೂ ‘ಸೆಲ್ಟಿಕ್’ ಅಂತ ಅಚ್ಚಾಗಿದೆ. ಅದು ಗ್ಲಾಸ್ಗೋದಲ್ಲಿ 1887ರಲ್ಲಿ ಶುರುವಾದ ಫುಟ್‌ಬಾಲ್ ಕ್ಲಬ್ಬಿನ ಹೆಸರು. ಐರಿಶ್, ವೆಲ್ಶ್‌ನಂಥ ಒಂದೇ ಮನೆತನದ ಭಾಷೆಗಳು, ಅವನ್ನಾಡುವ ಜನ ಅಂದಾಗ ‘ಕೆಲ್ಟಿಕ್’ ಅಂತಲೇ ಹೇಳುತ್ತಾರೆ. ಇದು ಚಿಕ್ಕ ವಿಷಯ, ಬಿಡಿ.

ವೀಸಾದ್ದು ಚಿಕ್ಕದಲ್ಲ. ಕೊನೆಯ ಬಾಕ್ಸ್‌ನಲ್ಲಿ ‘ಷೆಂಗೆನ್ ವೀಸಾ ಇದ್ದರೆ ಸಾಕು’ ಅಂತ ಬರೆದಿದ್ದೀರಿ. ಸಾಲದು. ಷೆಂಗೆನ್ ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟ. ಐರ್ಲೆಂಡ್ ಅದರಲ್ಲಿ ಇಲ್ಲ, ಬ್ರಿಟನ್ನಂತೂ ಇಲ್ಲವೇ ಇಲ್ಲ. ನಮ್ಮಂಥ ಭಾರತದ ಪ್ರವಾಸಿಗಳಿಗೆ ಬ್ರಿಟನ್ ಇಲ್ಲವೇ ಐರ್ಲೆಂಡ್ ಕೊಟ್ಟ ವೀಸಾದಲ್ಲಿ ‘ಬಿಐವಿಎಸ್’ (ಬ್ರಿಟಿಷ್-ಐರಿಶ್ ವೀಸಾ ಯೋಜನೆ) ಅಂತ ನಮೂದು ಇದ್ದರೆ ಒಂದೇ ವೀಸಾದಲ್ಲಿ ಎರಡೂ ದೇಶ ನೋಡಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಇಳಿಯಬೇಕು. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು ಅನ್ನೋದನ್ನೂ ನೆನಪಿಡಬೇಕು. ಅಲ್ಲಿ ಗಡಿ ಎಲ್ಲಿ ದಾಟಿದೆವು ಅಂತಾನೇ ನಮಗೆ ತಿಳಿಯಲಿಲ್ಲ, ರಸ್ತೆ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗಲೇ ಗೊತ್ತಾಗಿದ್ದು.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಅದು ನಿಮ್ಮ ಲೇಖನದ ಮೇಲಷ್ಟೇ ಅಲ್ಲ, ನಾವು ಹೋದ ಟೂರ್ ಕಂಪನಿಯ ಮೇಲೂ ಇದೆ. ‘ಕೆಲ್ಟಿಕ್ ಪರಂಪರೆಯ ಪ್ರವಾಸ’ ಅಂತ ಹೆಸರಿಟ್ಟು ಎಲ್ಲರೂ ತೋರಿಸುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲ್ಟಿಕ್ ಅಲ್ಲವೇ ಅಲ್ಲ. ನಿಜವಾಗಿ ಕೆಲ್ಟಿಕ್ ಅನ್ನಬಹುದಾದದ್ದು ಬಸ್ಸಿನ ಕಿಟಕಿಯಾಚೆ ಹಾದು ಹೋಗುತ್ತದೆ.

ನ್ಯೂಗ್ರೇಂಜ್ ತೆಗೆದುಕೊಳ್ಳಿ. ಡಬ್ಲಿನ್‌ನಿಂದ ಉತ್ತರಕ್ಕೆ ಬಾಯ್ನ್ ನದಿಯ ಹತ್ತಿರ ಇರುವ ದೊಡ್ಡ ದಿಬ್ಬ ಅದು. ‘ಡ್ರೂಯಿಡ್ ಪುರೋಹಿತರು ಕಟ್ಟಿದ ಕೆಲ್ಟಿಕ್ ದೇವಾಲಯ’ ಅಂತ ನಿಮ್ಮ ಲೇಖನದಲ್ಲಿದೆ. ಅದನ್ನು ಕಟ್ಟಿದ್ದು ಕ್ರಿ.ಪೂ. 3200ರ ಸುಮಾರಿಗೆ, ಈಜಿಪ್ಟಿನ ಗೀಜಾ ಪಿರಮಿಡ್‌ಗಳಿಗಿಂತ ಮುಂಚೆ. ಕೆಲ್ಟಿಕ್ ನುಡಿ ಆ ದ್ವೀಪಕ್ಕೆ ಬಂದದ್ದೇ ಅದಾಗಿ ಎಷ್ಟೋ ಶತಮಾನ ಕಳೆದ ಮೇಲೆ. ಡ್ರೂಯಿಡ್‌ಗಳ ಸುದ್ದಿ ಬರಹದಲ್ಲಿ ಸಿಗುವುದು ಇನ್ನೂ ಎಷ್ಟೋ ಈಚೆಗೆ. ಹಾಗಂತ ಅದು ನೋಡಬಾರದ ಜಾಗ ಅಂತಲ್ಲ, ಇಡೀ ಪ್ರವಾಸದಲ್ಲಿ ನನಗೆ ಮೈ ಜುಮ್ಮೆಂದಿದ್ದು ಅಲ್ಲೇ. ನೇರವಾಗಿ ಹೋಗೋಕೆ ಬಿಡುವುದಿಲ್ಲ, ಸಂದರ್ಶಕರ ಕೇಂದ್ರದಿಂದ ಅವರದೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. 19 ಮೀಟರ್ ಉದ್ದದ ಕಲ್ಲಿನ ಓಣಿ, ಕೆಲವು ಕಡೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಬೇಕು, ನಮ್ಮನೆಯವರು ಸಿಕ್ಕಿಹಾಕಿಕೊಂಡು ಹಿಂದಿನವರೆಲ್ಲ ನಿಲ್ಲಬೇಕಾಯಿತು. ಒಳಗಿನ ಕೋಣೆಯ ಚಾವಣಿ ಬರೀ ಕಲ್ಲಿನ ಮೇಲೆ ಕಲ್ಲು ಮುಂಚಾಚಿ ಇಟ್ಟು ಕಟ್ಟಿದ್ದು. ಐದು ಸಾವಿರ ವರ್ಷದಿಂದ ಸೋರಿಲ್ಲ. (ನಮ್ಮ ಸೊಸೈಟಿಯ ಟೆರೇಸ್‌ಗೆ ಎರಡು ವರ್ಷಕ್ಕೊಮ್ಮೆ ವಾಟರ್‌ಪ್ರೂಫಿಂಗ್ ಆಗುತ್ತದೆ.) ಗೈಡ್ ಲೈಟ್ ಆರಿಸಿದರು. ಕಗ್ಗತ್ತಲು. ಆಮೇಲೆ ಬಾಗಿಲ ಮೇಲಿನ ಕಿಂಡಿಯ ಕಡೆಯಿಂದ ಒಂದು ಸಣ್ಣ ಬೆಳಕಿನ ಪಟ್ಟಿ ನೆಲದ ಮೇಲೆ ತೆವಳುತ್ತಾ ನಮ್ಮ ಕಾಲಿನವರೆಗೆ ಬಂತು. ನಮಗೆ ತೋರಿಸಿದ್ದು ಬಲ್ಬಿನ ಬೆಳಕು. ಡಿಸೆಂಬರ್ 21ರ ಆಸುಪಾಸಿನ ಬೆಳಿಗ್ಗೆ ನಿಜವಾದ ಸೂರ್ಯನೇ ಹಾಗೆ ಒಳಗೆ ಬರುತ್ತಾನೆ, ಸುಮಾರು 17 ನಿಮಿಷ ಇರುತ್ತಾನೆ. ಅಲ್ಲಿ ಉತ್ಖನನ ಮಾಡಿದ ಓ’ಕೆಲ್ಲಿ ಅನ್ನುವವರು 1967ರ ಡಿಸೆಂಬರ್‌ನಲ್ಲಿ ಒಬ್ಬರೇ ಒಳಗೆ ಕೂತು ಇದನ್ನು ನೋಡಿದರು. ಈಗ ಆ ದಿನಗಳಿಗೆ ಲಾಟರಿ ಎತ್ತುತ್ತಾರೆ. ಮೋಡ ಕವಿದರೆ ಲಾಟರಿ ಗೆದ್ದವರಿಗೂ ಕತ್ತಲೇ.

ನಮ್ಮ ಗುಂಪಿನಲ್ಲಿದ್ದ ಕೊಲ್ಹಾಪುರದ ಅಜ್ಜಿ ‘ನಮ್ಮ ಅಂಬಾಬಾಯಿಯ ಕಿರಣೋತ್ಸವ’ ಅಂದು ಕೈಮುಗಿದರು. ನನಗೆ ಹಾಗೇ ಬಿಸಿಲು ಗರ್ಭಗುಡಿಯೊಳಗೆ ಬರುವ ಬೆಂಗಳೂರಿನ ಗವಿ ಗಂಗಾಧರೇಶ್ವರ ನೆನಪಾಯಿತು.

ಆಮೇಲೆ ಬಂದ ಕೆಲ್ಟಿಕ್ ಜನ ಈ ದಿಬ್ಬಗಳಿಗೆ ತಮ್ಮ ಕತೆ ಕಟ್ಟಿದರು, ದಾಗ್ದ ಎಂಬ ದೇವರು ಮತ್ತು ಅವನ ಮಗ ಎಂಗಸ್ ಅಲ್ಲಿ ವಾಸ ಮಾಡುತ್ತಿದ್ದರು ಅಂತ. ಇದು ನಮಗೆ ಹೊಸದಲ್ಲ ಅಲ್ವಾ? ನನ್ನ ತವರು ಗಂಗಾವತಿ ಕಡೆ. ಅಲ್ಲಿ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಮನೆಗಳಿವೆ, ಬೃಹತ್ ಶಿಲಾಯುಗದವು. ಊರಿನವರು ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಬೇರೆ ಕಡೆ ಅಂಥದ್ದೇ ಕಲ್ಲುಗಳು ಪಾಂಡವರ ಮನೆ. ಹಾಗಂತ ಒಬ್ಬ ವಿದೇಶಿ ಪತ್ರಕರ್ತ ‘ಇದನ್ನು ಭೀಮ ಕಟ್ಟಿದ’ ಅಂತ ಇತಿಹಾಸವಾಗಿ ಬರೆದರೆ ನಮಗೆ ಹೇಗನ್ನಿಸುತ್ತದೆ?

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಕೂಡ ಇದೇ ಸಾಲಿಗೆ. ಸಮುದ್ರದ ಅಂಚಿಗೆ ಸುಮಾರು 40,000 ಕಲ್ಲಿನ ಕಂಬಗಳು, ಹೆಚ್ಚಿನವು ಆರು ಮೂಲೆಯವು. ಲಾವಾ ತಣ್ಣಗಾಗುವಾಗ ಬಿರಿದು ಆದದ್ದು. ಫಿನ್ ಮಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ದೈತ್ಯನ ಜೊತೆ ಜಗಳಕ್ಕೆ ಹೋಗಲು ಹಾಕಿದ ದಾರಿ ಅಂತ ಕತೆ. ಎದುರಾಳಿ ತನಗಿಂತ ದೊಡ್ಡವನು ಅಂತ ಗೊತ್ತಾದಾಗ ಫಿನ್‌ನ ಹೆಂಡತಿ ಗಂಡನನ್ನೇ ತೊಟ್ಟಿಲಲ್ಲಿ ಮಲಗಿಸಿ ‘ಇದು ನಮ್ಮ ಕೂಸು’ ಅಂದಳಂತೆ, ಕೂಸೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಕು ಅಂತ ಅವನು ಓಡಿಹೋದನಂತೆ. ಕತೆ ಕೆಲ್ಟಿಕ್, ಒಪ್ಪುತ್ತೇನೆ. ಕಲ್ಲು ಮಾತ್ರ ಯಾರದ್ದೂ ಅಲ್ಲ. ಮಲ್ಪೆಯವರಾದ ನಮ್ಮನೆಯವರು ಹತ್ತು ನಿಮಿಷ ನೋಡಿ ‘ಇದು ನಮ್ಮ ಸೇಂಟ್ ಮೇರಿಸ್ ದ್ವೀಪವೇ ಅಲ್ವಾ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ’ ಅಂದರು. ಮಲ್ಪೆವರೆಗೂ ಹೋಗುವುದು ಬೇಡ, ಅಂಧೇರಿಯ ಗಿಲ್ಬರ್ಟ್ ಹಿಲ್ ಕೂಡ ಇಂಥದ್ದೇ ಕಂಬಗಳ ಕಲ್ಲು, ಸುಮಾರು 200 ಅಡಿ ಎತ್ತರ, ಮೇಲೆ ಗಾಂವ್‌ದೇವಿ ಗುಡಿ. ಅದರ ಬುಡದಲ್ಲಿ ಮೂವತ್ತು ವರ್ಷ ತರಕಾರಿ ಕೊಂಡಿದ್ದೇನೆ, ತಲೆ ಎತ್ತಿ ನೋಡಿದ್ದು ಐರ್ಲೆಂಡಿನಿಂದ ಬಂದ ಮೇಲೆ.

ಎಡಿನ್‌ಬರೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಊರು ಚೆಂದ, ಕೋಟೆ ಚೆಂದ, ಮಧ್ಯಾಹ್ನ ಒಂದಕ್ಕೆ ಹಾರಿಸುವ ತೋಪಿಗೆ ಎಲ್ಲರೂ ಬೆಚ್ಚಿಬಿದ್ದೆವು.

ಡಬ್ಲಿನ್ ಬಗ್ಗೆ ಹೇಳಲೇಬೇಕು. ಟ್ರಿನಿಟಿ ಕಾಲೇಜಿನಲ್ಲಿ ಕೆಲ್ಸ್ ಪುಸ್ತಕ ಇದೆ. ಕ್ರಿ.ಶ. 800ರ ಸುಮಾರಿಗೆ, ಅಂದರೆ ನಮ್ಮ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬರುವ ಸ್ವಲ್ಪ ಮುಂಚೆ, ಸನ್ಯಾಸಿಗಳು ಕರುವಿನ ಚರ್ಮದ ಮೇಲೆ ಬರೆದ ಬೈಬಲ್ ಭಾಗಗಳು. 1007ರಲ್ಲಿ ಅದನ್ನು ಯಾರೋ ಕದ್ದರು, ಬಂಗಾರದ ಹೊದಿಕೆ ಕಿತ್ತುಕೊಂಡು ಪುಸ್ತಕವನ್ನು ಹುಲ್ಲುಹೆಂಟೆಯ ಕೆಳಗೆ ಬಿಟ್ಟುಹೋದರು. ಕಳ್ಳನಿಗೆ ಬೇಕಾಗಿದ್ದು ರಟ್ಟು! ಇದನ್ನು ಟೂರಿನಲ್ಲಿ ತೋರಿಸಿದರು, ಸಂತೋಷ. ಆದರೆ ಅಲ್ಲಿಂದ ನಡೆದೇ ಹೋಗಬಹುದಾದ ಕಿಲ್ಡೇರ್ ಸ್ಟ್ರೀಟ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹೆಸರು ಟೂರಿನ ಪಟ್ಟಿಯಲ್ಲೂ ಇಲ್ಲ, ನಿಮ್ಮ ಲೇಖನದಲ್ಲೂ ಇಲ್ಲ. ಪ್ರವೇಶ ಪುಕ್ಕಟೆ ಸ್ವಾಮಿ! ಶಾಪಿಂಗ್‌ಗೆ ಅಂತ ಕೊಟ್ಟ ಅರ್ಧ ದಿನದಲ್ಲಿ ನಾವಿಬ್ಬರೇ ಹೋದೆವು. ಅಲ್ಲೊಂದು ಪುಟಾಣಿ ಬಂಗಾರದ ದೋಣಿ ಇದೆ, ಕಡ್ಡಿಯಷ್ಟು ತೆಳು ಹುಟ್ಟುಗಳ ಸಮೇತ. 1896ರಲ್ಲಿ ಬ್ರಾಯ್ಟರ್ ಅನ್ನುವಲ್ಲಿ ಹೊಲ ಉಳುವಾಗ ಸಿಕ್ಕಿದ್ದು, ಎರಡು ಸಾವಿರ ವರ್ಷ ಹಳೆಯದು. ಅದೇ ನಿಧಿಯಲ್ಲಿ ಸಿಕ್ಕ ಕಂಠಪಟ್ಟಿಯ ಮೇಲೆ ಬಳ್ಳಿ ಸುತ್ತಿದಂಥ ನಕಾಶೆ ಇದೆಯಲ್ಲ, ಕೆಲ್ಟಿಕ್ ಕಲೆ ಅಂದರೆ ಅದು. ಓಗಮ್ ಬರಹದ ಕಲ್ಲುಗಳೂ ಅಲ್ಲಿವೆ. ಓಗಮ್ ಅಂದರೆ ಕಲ್ಲಿನ ಅಂಚಿನ ಮೇಲೆ ಕಚ್ಚು ಹಾಕಿ ಬರೆಯುವ ಲಿಪಿ, ಮೊದಲಿಗೆ ಇದ್ದದ್ದು 20 ಅಕ್ಷರ. ಬರೆದಿರುವುದು ಹೆಚ್ಚಾಗಿ ಹೆಸರು, ಇಂಥವನು ಇಂಥವನ ಮಗ ಅಂತ.

ಶ್ಯಾನನ್ ನದಿ ದಡದ ಕ್ಲಾನ್‌ಮ್ಯಾಕ್‌ನಾಯ್ಸ್ ಮಠದಲ್ಲೂ ನೂರಾರು ಸಮಾಧಿ ಕಲ್ಲುಗಳಿವೆ, ಒಂದು ಶಿಲುಬೆ, ಕೆಳಗೆ ‘ಇವನಿಗಾಗಿ ಒಂದು ಪ್ರಾರ್ಥನೆ’ ಅಂತ ಹಳೆಯ ಐರಿಶ್‌ನಲ್ಲಿ ಒಂದು ಸಾಲು. ವೀರಗಲ್ಲು, ಮಾಸ್ತಿಗಲ್ಲು ನೋಡಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲಿ ನಮಗೆ ಕೊಟ್ಟ ಸಮಯ ನಲವತ್ತು ನಿಮಿಷ, ಅದರಲ್ಲಿ ಹದಿನೈದು ಟಾಯ್ಲೆಟ್ ಕ್ಯೂನಲ್ಲಿ ಹೋಯಿತು. ಕಾರಣ ಕೇಳಿದರೆ ಮುಂದಿನ ಊರಿನಲ್ಲಿ ಏಳಕ್ಕೆ ‘ಇಂಡಿಯನ್ ಡಿನ್ನರ್’ ಬುಕ್ ಆಗಿತ್ತಂತೆ. ದಾಲ್, ಪನೀರ್, ಜೀರಾ ರೈಸ್. ಹನ್ನೆರಡು ದಿನವೂ ಅದೇ ಪನೀರ್.

ಹಾಗಾದರೆ ಈ ‘ಕೆಲ್ಟಿಕ್’ ಅನ್ನುವುದು ಏನು? ಗ್ರೀಕರು ಯುರೋಪಿನ ಮುಖ್ಯಭೂಮಿಯ ಜನರನ್ನು ಕೆಲ್ಟೋಯ್ ಅನ್ನುತ್ತಿದ್ದರು. ಐರಿಶ್, ವೆಲ್ಶ್ ಮುಂತಾದ ನುಡಿಗಳೆಲ್ಲ ಒಂದೇ ಮನೆತನದವು ಅಂತ 1707ರಲ್ಲಿ ಒಂದೆಡೆ ಸೇರಿಸಿ ತೋರಿಸಿದವರು ವೇಲ್ಸ್ ಮನೆತನದ ವಿದ್ವಾಂಸ ಎಡ್ವರ್ಡ್ ಲೂಯ್ಡ್. ಅಂದರೆ ಇವರೆಲ್ಲರನ್ನೂ ಸೇರಿಸಿ ಕೆಲ್ಟಿಕ್ ಅನ್ನುವ ರೂಢಿಗೆ ಸುಮಾರು ಮುನ್ನೂರು ವರ್ಷವಷ್ಟೇ ಆಗಿದೆ, ಅದು ನಿಂತಿರುವುದು ಭಾಷೆಯ ಮೇಲೆ. ಇವತ್ತು ಆರು ಭಾಷೆ: ಐರಿಶ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್, ವೆಲ್ಶ್, ಕಾರ್ನಿಷ್, ಬ್ರೆಟನ್. ಒಂದು ತಮಾಷೆ ಹೇಳುತ್ತೇನೆ. ಐರಿಶ್‌ನಲ್ಲಿ ಏಳಕ್ಕೆ ‘ಶಖ್ತ್’, ಎಂಟಕ್ಕೆ ‘ಓಖ್ತ್’. ಸಾತ್, ಆಠ್ ಅನ್ನಿ. ಅದು ಇಂಡೋ-ಯುರೋಪಿಯನ್ ಬಳಗ, ಹಾಗಾಗಿ ನಮ್ಮ ಮರಾಠಿ ನೆರೆಹೊರೆಯವರು ಐರಿಶರಿಗೆ ದೂರದ ನೆಂಟರು. ನಾವಲ್ಲ!

ಈ ಭಾಷೆಗಳು ‘ಕಾಲದ ಗರ್ಭಕ್ಕೆ ಸೇರಿವೆ’ ಅಂತ ನಿಮ್ಮ ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನನಗೆ ಅತಿ ಬೇಸರವಾಗಿದ್ದು ಆ ಸಾಲಿಗೆ. ಐರ್ಲೆಂಡಿನ 2022ರ ಜನಗಣತಿಯಲ್ಲಿ 18 ಲಕ್ಷಕ್ಕಿಂತ ಜಾಸ್ತಿ ಜನ ಐರಿಶ್ ಬರುತ್ತದೆ ಅಂದಿದ್ದಾರೆ. ಶಾಲೆಯಿಂದ ಹೊರಗೆ ದಿನಾ ಮಾತಾಡುವವರು ಮಾತ್ರ ಸುಮಾರು 72 ಸಾವಿರ. ಎರಡು ಅಂಕಿಯ ನಡುವಿನ ಅಂತರ ನೋಡಿ. ‘ಕನ್ನಡ ಬರುತ್ತಾ?’ ಅಂತ ಮುಂಬೈ ಮಕ್ಕಳನ್ನು ಕೇಳಿದಾಗ ಬರುವ ‘ಸ್ವಲ್ಪ ಸ್ವಲ್ಪ’ ನೆನಪಾಗುತ್ತದೆ. ಆ 72 ಸಾವಿರದಲ್ಲಿ ಎಷ್ಟೋ ಜನ ಇರುವ ಊರುಗಳು ಗಾಲ್ವೇ ನಗರದ ಪಶ್ಚಿಮಕ್ಕೇ ಶುರುವಾಗುತ್ತವೆ, ಗೇಲ್ತಖ್ತ್ ಅನ್ನುತ್ತಾರೆ, ಅಲ್ಲಿ ಊರಿನ ಬೋರ್ಡುಗಳು ಐರಿಶ್‌ನಲ್ಲಿ ಮಾತ್ರ. ನಾವು ಗಾಲ್ವೇಯಲ್ಲಿ ಎರಡು ರಾತ್ರಿ ಇದ್ದೆವು. ಒಂದು ಗಂಟೆ ಆ ಕಡೆ ನಿಲ್ಲಿಸಿ ಅಂತ ಕೇಳಿದೆ. ‘ಆಂಟಿ, ಅಲ್ಲಿ ನೋಡೋಕೆ ಏನೂ ಇಲ್ಲ’ ಅಂದ ನಮ್ಮ ಟೂರ್ ಮ್ಯಾನೇಜರ್, ಒಳ್ಳೆಯ ಹುಡುಗ, ಅವನ ಕೈಯಲ್ಲೂ ಏನಿಲ್ಲ. ಕೇಳೋಕೆ ಇದೆಯಲ್ಲಪ್ಪಾ!

ಕೇಳಿಸಿದ್ದು ವೇಲ್ಸ್‌ನಲ್ಲಿ, ಅದೂ ಆಕಸ್ಮಿಕವಾಗಿ. ಕೈರ್ನಾರ್ವನ್ ಕೋಟೆ ನೋಡಲು ಹೋಗಿದ್ದೆವು. ಅದನ್ನೂ ‘ಕೆಲ್ಟಿಕ್ ಕೋಟೆ’ ಅಂತ ಬರೆದಿದ್ದೀರಿ, ಕಟ್ಟಿಸಿದ್ದು ವೇಲ್ಸನ್ನು ಗೆದ್ದ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್, 1283ರಲ್ಲಿ ಶುರು, ಸೋತವರನ್ನು ಅದುಮಿಡಲು ಅವರದೇ ನೆಲದಲ್ಲಿ ಎಬ್ಬಿಸಿದ ಕೋಟೆ ಅದು. ಕೋಟೆಗಿಂತ ನನಗೆ ಹಿಡಿಸಿದ್ದು ರಸ್ತೆ. ತಿರುವಿನಲ್ಲಿ ಡಾಂಬರಿನ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ ‘ಅರವ್’ ಅಂತ ಬರೆದಿರುತ್ತದೆ, ನಿಧಾನ ಅಂತ ಅರ್ಥ, ಅದರ ಜೊತೆಗೆ ಇಂಗ್ಲಿಷ್. ಆ ಊರಿನಲ್ಲಿ ಬಹುಪಾಲು ಜನ ವೆಲ್ಶ್ ಆಡುತ್ತಾರೆ. ಬ್ರೆಡ್ ಅಂಗಡಿಯಲ್ಲಿ ಹುಡುಗಿಯರು ಗಿರಾಕಿಗಳ ಜೊತೆ, ಶಾಲೆ ಬಿಟ್ಟ ಮಕ್ಕಳು ತಮ್ಮತಮ್ಮಲ್ಲಿ. ಅದೇ ವೇಲ್ಸ್‌ನ ಎಷ್ಟೋ ಶಾಲೆಗಳಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ವೆಲ್ಶ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು. ಇನ್ನೊಂದು ಮಗು ಸಿಕ್ಕಿಬಿದ್ದರೆ ತುಂಡು ಅದರ ಕೊರಳಿಗೆ, ಸಂಜೆ ಯಾರ ಹತ್ತಿರ ಇರುತ್ತದೋ ಅವರಿಗೆ ಪೆಟ್ಟು. ನನ್ನ ಮೊಮ್ಮಗನ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡಿದರೆ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಮರದ ತುಂಡು ಹೋಗಿ ಡೈರಿ ಬಂದಿದೆ.

ಆ ಬ್ರೆಡ್ ಅಂಗಡಿಯ ಹೆಂಗಸು ನಾವಿಬ್ಬರು ಆಡುತ್ತಿದ್ದ ಮಾತು ಯಾವುದು ಅಂತ ಕೇಳಿದಳು. ಕನ್ನಡ ಅಂದೆ. ಎಷ್ಟು ಜನ ಆಡುತ್ತೀರಿ? ನಾಲ್ಕು ಕೋಟಿ ಮೇಲೆ ಅಂದಾಗ ಅವಳಿಗೆ ನಂಬೋಕೆ ಆಗಲಿಲ್ಲ, ಅವರ ಲೆಕ್ಕದಲ್ಲಿ ವೆಲ್ಶ್ ಆಡುವವರು 2021ಕ್ಕೆ 5 ಲಕ್ಷ 38 ಸಾವಿರ, 2050ಕ್ಕೆ 10 ಲಕ್ಷ ಮಾಡುತ್ತೇವೆ ಅಂತ ಅವರ ಸರ್ಕಾರ ಹೊರಟಿದೆ. ನಾನು ಕಲಿಸುತ್ತಿದ್ದ ಶಾಲೆಯ ಸುದ್ದಿ ಅವಳಿಗೆ ಹೇಳಲಿಲ್ಲ, ಕೊನೆಯ ವರ್ಷ ನನ್ನ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು.

ಪ್ರವಾಸ ಹೋಗಬೇಡಿ ಅನ್ನುತ್ತಿಲ್ಲ. ಖಂಡಿತ ಹೋಗಿ. ದುಡ್ಡು ಕಟ್ಟುವ ಮುಂಚೆ ಮಾತ್ರ ಯಾವ ಊರಿನಲ್ಲಿ ಎಷ್ಟು ಗಂಟೆ ನಿಲ್ಲಿಸುತ್ತಾರೆ ಅಂತ ಬರಹದಲ್ಲಿ ತೆಗೆದುಕೊಳ್ಳಿ, ‘ನೋಡುವ ಜಾಗ’ ಅಂದರೆ ಬಸ್ಸಿನಿಂದಲೇ ನೋಡುವುದಾ ಅಂತ ಕೇಳಿ, ಮೂರು ದೇಶದ ಬದಲು ಒಂದೇ ದೇಶ ಸಿಕ್ಕರೆ ಅದನ್ನೇ ಹಿಡಿಯಿರಿ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಬೋರಿವಲಿಯ ಎಕ್ಸರ್‌ನಲ್ಲಿ ಹಡಗಿನ ಯುದ್ಧ ಕೆತ್ತಿದ ವೀರಗಲ್ಲುಗಳಿವೆ, ಐರ್ಲೆಂಡಿನ ಕಲ್ಲುಗಳಿಗೆ ಕೊಟ್ಟಷ್ಟೇ ಜಾಗ ಅದಕ್ಕೂ ಒಂದು ಭಾನುವಾರ ಕೊಡಿ, ಬೇಕಾದರೆ ನಾನೇ ಬರೆದು ಕಳಿಸುತ್ತೇನೆ. ನ್ಯೂಗ್ರೇಂಜ್, ಕೈರ್ನಾರ್ವನ್ ತಪ್ಪುಗಳನ್ನು ನಿಧಾನಕ್ಕೆ ತಿದ್ದಿ. ವೀಸಾದ ತಿದ್ದುಪಡಿ ಮಾತ್ರ ಈ ವಾರವೇ ಹಾಕಿ, ಬೇಸಿಗೆ ರಜೆಯ ಬುಕಿಂಗ್ ಶುರುವಾಗಿದೆ.

ಇಂತಿ,
ನಿವೃತ್ತ ಶಿಕ್ಷಕಿ, ಅಂಧೇರಿ ಪಶ್ಚಿಮ, ಮುಂಬೈ