ದುಬೈಯಲ್ಲಿ ಯಾವುದನ್ನು ಎಲ್ಲಿ ಕೊಳ್ಳುವುದು: ಬಳ್ಳಾರಿಯ ಮನೆಗೊಂದು ಪತ್ರ

ದುಬೈ

ಪೂಜ್ಯ ಅಣ್ಣನವರಿಗೂ ಅತ್ತಿಗೆಯವರಿಗೂ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅವ್ವನೂ ಮಕ್ಕಳೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಡಿಸೆಂಬರಿನಲ್ಲಿ ಬಂದಾಗ ಯಾವ ಸಾಮಾನನ್ನು ಎಲ್ಲಿ ಕೊಳ್ಳಬೇಕೆಂದು ಅತ್ತಿಗೆಯವರು ಕೇಳಿದ್ದರು. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದು ಕಳಿಸುವುದೇ ಮೇಲೆನಿಸಿತು.

ದುಬೈ ಮಾಲಿಗೆ ನೋಡಲು ಹೋಗೋಣ, ಕೊಳ್ಳಲು ಬೇಡ. 2008ರಲ್ಲಿ ತೆರೆದ ಆ ಮಾಲಿನಲ್ಲಿ ಸಾವಿರಕ್ಕೂ ಹೆಚ್ಚು ಅಂಗಡಿಗಳಿವೆ, ಒಳಗೇ ಶಾರ್ಕ್ ಮೀನುಗಳಿರುವ ಅಕ್ವೇರಿಯಂ ಇದೆ, ಪಕ್ಕದಲ್ಲೇ ಬುರ್ಜ್ ಖಲೀಫಾ ಇದೆ. ಮಕ್ಕಳಿಗೆ ಒಂದು ಸಂಜೆ ಸಾಲದು. ಆದರೆ ಅಲ್ಲಿ ಬರೆದಿಟ್ಟ ಬೆಲೆಯೇ ಬೆಲೆ, ಅತ್ತಿಗೆಯವರ ಚೌಕಾಸಿಯ ಜಾಣ್ಮೆಗೆ ಕೆಲಸವಿಲ್ಲ. ನಮ್ಮಂಥವರ ಖರೀದಿ ನಡೆಯುವುದು ಹಳೆಯ ಊರಿನಲ್ಲಿ, ಅಂದರೆ ಊರಿನೊಳಕ್ಕೆ ಚಾಚಿಕೊಂಡಿರುವ ಕ್ರೀಕ್ ಎಂಬ ಸಮುದ್ರದ ಹಿನ್ನೀರಿನ ಎರಡು ದಡಗಳಲ್ಲಿ. ಒಂದು ದಡ ದೇರಾ, ಇನ್ನೊಂದು ಬರ್ ದುಬೈ. ನಡುವೆ ಅಬ್ರಾ ಎಂಬ ಮರದ ದೋಣಿಗಳು ಓಡಾಡುತ್ತವೆ. ದಾಟಲು ತಲೆಗೆ ಒಂದೇ ದಿರ್ಹಮ್.

ಚಿನ್ನದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಮಗಳ ಮದುವೆಯ ಒಡವೆಯೆಲ್ಲ ಇಲ್ಲಿಂದಲೇ ಒಯ್ಯುವ ಯೋಚನೆ ಅತ್ತಿಗೆಯವರಿಗಿದೆಯೆಂದು ಅವ್ವ ಹೇಳಿದಳು. ದೇರಾದ ಗೋಲ್ಡ್ ಸೂಕಿನಲ್ಲಿ (ಸೂಕ್ ಎಂದರೆ ಪೇಟೆ) ದಿನದ ಧಾರಣೆ ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಮಜೂರಿಯಲ್ಲಿ, ಚೌಕಾಸಿ ಮಾಡಬೇಕಾದದ್ದೂ ಅದರ ಮೇಲೆಯೇ. ಹರಳು ಕೂರಿಸಿದ ಒಡವೆಯಾದರೆ ಹರಳಿನ ತೂಕ ಕಳೆದು ಚಿನ್ನದ ತೂಕವನ್ನು ಬೇರೆಯಾಗಿ ರಸೀತಿಯಲ್ಲಿ ಬರೆಸಿಕೊಳ್ಳಬೇಕು. ಇಷ್ಟೆಲ್ಲ ಎಚ್ಚರ ವಹಿಸಿದರೂ ಹಿಂದಿನಷ್ಟು ಉಳಿತಾಯವಿಲ್ಲ. 2024ರ ಜುಲೈ ತಿಂಗಳ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದಾಗಲೇ ಎರಡು ಊರಿನ ಬೆಲೆಗಳ ಅಂತರ ಬಹಳಷ್ಟು ತಗ್ಗಿತು. ಮೇಲಾಗಿ ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿದ್ದವರಿಗೇ ಹೊರತು ಪ್ರವಾಸಕ್ಕೆಂದು ಬಂದುಹೋಗುವವರಿಗಲ್ಲ. ಆದ್ದರಿಂದ ಮದುವೆಯ ಒಡವೆಗಳನ್ನು ಬಳ್ಳಾರಿಯಲ್ಲಿ ನಮ್ಮ ಅಕ್ಕಸಾಲಿಗರ ಹತ್ತಿರವೇ ಮಾಡಿಸುವುದು ಒಳ್ಳೆಯದು; ಏನಾದರೂ ಹೆಚ್ಚುಕಡಿಮೆಯಾದರೆ ಅವರ ಬಾಗಿಲಿಗೆ ಹೋಗಿ ಕೇಳಬಹುದು. ಸೂಕನ್ನು ಮಾತ್ರ ತಪ್ಪದೆ ನೋಡಬೇಕು.

ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಮಸಾಲೆಯ ಸೂಕಿದೆ. ಇರಾನಿನ ಕೇಸರಿ, ಒಣಹಣ್ಣು, ಲೋಬಾನಗಳಿಗೆ ಅದೇ ಜಾಗ. ಅಲ್ಲಿ ಮೊದಲು ಹೇಳಿದ ಬೆಲೆಗೆ ಒಪ್ಪುವವರು ಯಾರೂ ಇಲ್ಲ. ಅಪ್ಪನಿಗೆ ಬೇಕಾದ ಅತ್ತರೂ ದೇರಾದಲ್ಲೇ ಸಿಗುತ್ತದೆ. ಹಂಚಲು ಬೇಕಾದ ಖರ್ಜೂರವನ್ನು ಮಾತ್ರ ಯಾವುದಾದರೂ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳೋಣ. ಪ್ರವಾಸಿಗರಿಗೆಂದು ಅಲಂಕರಿಸಿದ ಡಬ್ಬಿಗಳಲ್ಲಿ ಹಣ್ಣಿಗಿಂತ ಡಬ್ಬಿಗೇ ಹಣ ಹೋಗುತ್ತದೆ.

ಬರ್ ದುಬೈಯ ಮೀನಾ ಬಜಾರಿನಲ್ಲಿ ಸೀರೆ, ಬಟ್ಟೆ, ದರ್ಜಿಗಳೆಲ್ಲ ಇದ್ದಾರೆ, ವ್ಯಾಪಾರವೆಲ್ಲ ಹಿಂದಿಯಲ್ಲೇ. ಆದರೆ ಅಲ್ಲಿನ ಸರಕಿನಲ್ಲಿ ಬಹುಪಾಲು ನಮ್ಮ ದೇಶದಿಂದಲೇ ಬಂದದ್ದು. ನಮ್ಮೂರಿನ ಬೆಂಗಳೂರು ರಸ್ತೆಯಲ್ಲಿ ಕೊಳ್ಳಬಹುದಾದದ್ದಕ್ಕೆ ವಿಮಾನದ ತೂಕ ಏಕೆ ಸವೆಸಬೇಕು? ಮಕ್ಕಳು ಜೀನ್ಸ್ ಕೇಳಿದರೆ ಮಾತ್ರ ಅಣ್ಣನವರು ಗದರಿಸಬೇಕು. ಜೀನ್ಸ್ ಹೊಲಿದೇ ಹೆಸರಾದ ಊರಿನ ಮಕ್ಕಳು ಅದನ್ನು ದುಬೈಯಿಂದ ಹೊತ್ತು ತರುವುದು ನಗೆಪಾಟಲು.

ಹೊಸ ಮನೆಗೆ ದೀಪ, ನಲ್ಲಿ ಮುಂತಾದವುಗಳ ಮಾದರಿ ನೋಡಬೇಕೆಂದು ಅಣ್ಣನವರು ಬರೆದಿದ್ದರು. ಅದಕ್ಕೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿರುವ ಡ್ರಾಗನ್ ಮಾರ್ಟ್ ಸರಿಯಾದ ಜಾಗ. ಚೀನಾದ ಸರಕಿನ ಆ ಕಟ್ಟಡ ಉದ್ದಕ್ಕೇ ಒಂದು ಕಿಲೋಮೀಟರಿಗಿಂತ ಹೆಚ್ಚಿದೆ. ಅವ್ವನನ್ನು ಅಂದು ಮನೆಯಲ್ಲೇ ಬಿಡೋಣ.

ಹಳೆಯ ಸೂಕುಗಳಲ್ಲಿ ಮಧ್ಯಾಹ್ನ ಅನೇಕ ಅಂಗಡಿಗಳು ಮುಚ್ಚುತ್ತವೆ, ಶುಕ್ರವಾರ ಪ್ರಾರ್ಥನೆಯ ವೇಳೆಯಂತೂ ಹೋಗಿ ಫಲವಿಲ್ಲ. ಸಂಜೆಯೇ ಹೊರಡೋಣ. 2018ರಿಂದ ಇಲ್ಲಿ ಕೊಳ್ಳುವ ಸಾಮಾನಿನ ಮೇಲೆ ಶೇ. 5ರಷ್ಟು ವ್ಯಾಟ್ ಎಂಬ ತೆರಿಗೆ ಇದೆ. ಪ್ರವಾಸಿಗರಿಗೆ ತೆರಿಗೆ ಮರಳಿಸುವ ವ್ಯವಸ್ಥೆಗೆ ಸೇರಿದ ಅಂಗಡಿಯಲ್ಲಿ 250 ದಿರ್ಹಮಿಗೆ ಕಡಿಮೆಯಿಲ್ಲದಂತೆ ಕೊಂಡರೆ ಆ ತೆರಿಗೆಯ ಬಹುಭಾಗವನ್ನು ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಮರಳಿ ಪಡೆಯಬಹುದು. ಆದರೆ ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ಆದ್ದರಿಂದ ಪೇಟೆಗೆ ಹೊರಡುವ ದಿನ ಅದು ಅತ್ತಿಗೆಯವರ ಕೈಚೀಲದಲ್ಲೇ ಇರಲಿ. ಪಟ್ಟಿಯನ್ನು ಮೊದಲೇ ಕಳಿಸಿದರೆ ಯಾವ ಸಂಜೆ ಯಾವ ದಡಕ್ಕೆ ಹೋಗುವುದೆಂದು ನಾನೇ ಗೊತ್ತುಮಾಡಿಡುತ್ತೇನೆ.

ಅಪ್ಪ, ಅವ್ವನಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ತಮ್ಮ