ಬಣ್ಣ ಬಳಿದರೆ ಹೇಳಿ ಮಾರಿ

ಮಾನ್ಯ ಸಂಪಾದಕರೇ,

ಹಳೆಯ ಸಾಮಾನನ್ನು ಅಗ್ಗಕ್ಕೆ ಕೊಂಡು ಮೊಬೈಲಿನಲ್ಲಿ ಹತ್ತು ಪಟ್ಟು ಬೆಲೆಗೆ ಮಾರುವವರನ್ನು ಹಗಲುದರೋಡೆಕೋರರು ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಝಾಡಿಸಿದ್ದರು. ಮನೆ ಖಾಲಿ ಮಾಡುವಾಗ ತಂದೆಯವರ ಎಚ್‌ಎಂಟಿ ಜನತಾ ವಾಚನ್ನು ಗುಜರಿಯವನಿಗೆ 200 ರೂಪಾಯಿಗೆ ಕೊಟ್ಟರಂತೆ. ಆಮೇಲೆ ನೋಡಿದರೆ ಅಂಥದೇ ವಾಚಿಗೆ ಆನ್‌ಲೈನಿನಲ್ಲಿ 2,000 ಹೇಳುತ್ತಿದ್ದಾರಂತೆ. ಹೊಟ್ಟೆ ಉರಿಯುವುದು ಸಹಜವೇ. ಆದರೆ ಈ ವ್ಯಾಪಾರದಲ್ಲಿ ನಿಜಕ್ಕೂ ಬೈಯಬೇಕಾದ ಕೆಲಸವೊಂದು ನಡೆಯುತ್ತಿದೆ, ಹಳೆಯ ಡಯಲಿಗೆ ಬಣ್ಣ ಬಳಿದು ಅಸಲಿ ಎಂದು ಮಾರುವುದು. ಅದು ಅವರ ಪತ್ರದಲ್ಲಿ ಬರಲೇ ಇಲ್ಲ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿಯಲ್ಲಿ ಇದ್ದವಳು. ನಮ್ಮ ಸಾಲಿನಲ್ಲಿ ಹೆಂಗಸರೇ ಜಾಸ್ತಿ. ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿ ಚಿಮುಟ ಹಿಡಿದು ಕೂತರೆ ಊಟದ ಬೆಲ್ ಹೊಡೆಯುವವರೆಗೂ ತಲೆ ಎತ್ತುತ್ತಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ ಎಂದು ಸೂಪರ್‌ವೈಸರ್ ಗೊಣಗುತ್ತಿದ್ದರು. ವಿಆರ್‌ಎಸ್ (ಸ್ವಯಂನಿವೃತ್ತಿ) ತೆಗೆದುಕೊಂಡ ಮೇಲೆ ಮನೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ರಿಪೇರಿ ಮಾಡುತ್ತಾ ಬಂದಿದ್ದೇನೆ. ಮೊದಲೆಲ್ಲ ಅಕ್ಕಪಕ್ಕದವರ ವಾಚುಗಳು ಬರುತ್ತಿದ್ದವು. ಈಗ ಬರುವುದರಲ್ಲಿ ಮುಕ್ಕಾಲುಪಾಲು ಆನ್‌ಲೈನಿನಲ್ಲಿ ಮಾರುವ ಹುಡುಗರದು. ಅವರ ದುಡ್ಡು ತಿನ್ನುವವಳು ಅವರ ಪರವಾಗಿ ಮಾತಾಡುತ್ತಾಳೆ ಎಂದು ಯಾರಾದರೂ ಅಂದರೆ ಅನ್ನಲಿ.

ಮೊದಲು ಆ 'ಹತ್ತು ಪಟ್ಟು' ಲೆಕ್ಕ ನೋಡೋಣ. ಮತ್ತೀಕೆರೆಯ ಹುಡುಗನೊಬ್ಬ ಭಾನುವಾರ ನಸುಕಿನಲ್ಲೇ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗುತ್ತಾನೆ. ಬಿಸಿಲೇರಿದ ಮೇಲೆ ಹೋದರೆ ಒಳ್ಳೆಯದೇನೂ ಉಳಿದಿರುವುದಿಲ್ಲವಂತೆ. ಟಾರ್ಪಾಲಿನ ಮೇಲೆ ರಿಮೋಟು, ಚಾರ್ಜರು, ಮಿಕ್ಸಿ ಜಾರು, ಒಂಟಿ ಶೂಗಳ ನಡುವೆ ವಾಚುಗಳ ಗುಡ್ಡೆ. ಅಲ್ಲಿ ಬಿಚ್ಚಿ ನೋಡುವ ಹಾಗಿಲ್ಲ. ಎರಡು ಸುತ್ತು ಕೀ ಕೊಟ್ಟು ಕಿವಿಗೆ ಹಿಡಿದು ಕೇಳಬಹುದು, ಅಷ್ಟೆ. ಒಂದಕ್ಕೆ 400 ರೂಪಾಯಿ ಎಂದಿಟ್ಟುಕೊಳ್ಳಿ. ತಂದವುಗಳ ಹಿಂದಿನ ಮುಚ್ಚಳ ನಾನು ತೆಗೆದಾಗ ಮೂರರಲ್ಲಿ ಒಂದರ ಒಳಗೆ ನೀರು ಹೋಗಿ ತುಕ್ಕು ಕೂತಿರುತ್ತದೆ. ಅದು ಬಿಡಿಭಾಗದ ಡಬ್ಬಿಗೆ, ಅದಕ್ಕೆ ಕೊಟ್ಟ ದುಡ್ಡೂ ಉಳಿದೆರಡರ ಮೇಲೆಯೇ ಬೀಳುತ್ತದೆ. ಉಳಿದದ್ದನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೂಡಿಸುವುದಕ್ಕೆ ನನ್ನ ಕೂಲಿ 450. ಗಾಜು, ಮೇನ್‌ಸ್ಪ್ರಿಂಗು, ಬೆಲ್ಟು ಎಂದು ಇನ್ನೊಂದು 300. ಮೇಲೆ ಕೊರಿಯರ್ ಖರ್ಚು. ಕೊಂಡವರು 'ದಿನಕ್ಕೆ ಒಂದು ನಿಮಿಷ ಮುಂದೆ ಹೋಗುತ್ತೆ' ಎಂದು ವಾಪಸ್ ಕಳಿಸಿದರೆ ಎರಡೂ ಕಡೆಯ ಕೊರಿಯರ್ ಇವನ ತಲೆಗೇ. ಕೀ ಕೊಡುವ ವಾಚು ಹಾಗೆ ಒಂದಿಷ್ಟು ಹಿಂದೆ ಮುಂದೆ ಹೋಗುವುದು ಅದರ ಗುಣ ಎಂದು ಇಂದಿನವರಿಗೆ ತಿಳಿಸಿ ಹೇಳುವುದೇ ಒಂದು ಕೆಲಸ. 1,800ಕ್ಕೆ ಮಾರಿದ ವಾಚಿನಲ್ಲಿ ಅವನ ಕೈಗೆ ಉಳಿಯುವುದು 300ರ ಆಸುಪಾಸು. ಇದನ್ನು ದರೋಡೆ ಎನ್ನುವುದಾದರೆ ತರಕಾರಿ ಮಂಡಿಯನ್ನೂ ಮುಚ್ಚಬೇಕಾಗುತ್ತದೆ.

ತೆರಿಗೆ ಕಟ್ಟದೆ ತಿರುಗುತ್ತಾರೆ ಎಂಬ ಮಾತೂ ಆ ಪತ್ರದಲ್ಲಿತ್ತು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ರಾಜ್ಯದೊಳಗೇ ಆನ್‌ಲೈನ್ ವೇದಿಕೆಗಳ ಮೂಲಕ ಮಾರುವ ಸಣ್ಣವರಿಗೂ 2023ರ ಅಕ್ಟೋಬರಿನಿಂದ ಈ ವಿನಾಯಿತಿ ಸಿಕ್ಕಿದೆ. ನೋಂದಣಿ ಆದವರೂ ಬಳಸಿದ ವಸ್ತುವನ್ನು ಮಾರುವಾಗ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟುವ ದಾರಿ ಕಾನೂನಿನಲ್ಲೇ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಬಂದಾಗ ಈ ಹುಡುಗ ಹೆದರಿ ಆಡಿಟರ್ ಹತ್ತಿರ ಓಡಿದ್ದ. ಕೊಂಡದ್ದು, ಮಾರಿದ್ದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಪ್ಪ ಎಂದು ಹೇಳಿ ಕಳಿಸಿದರಂತೆ. ಈಗ ಬರೆದಿಡುತ್ತಾನೆ.

ಇನ್ನು ಬೈಯಬೇಕಾದ ಕೆಲಸದ ಮಾತು.

ನಮ್ಮ ಪಕ್ಕದ ಬೀದಿಯ ಇಂಜಿನಿಯರ್ ಒಬ್ಬರು ತಮ್ಮ ತಂದೆಯವರಿಗೆ ಕೊಡಲೆಂದು ಆನ್‌ಲೈನಿನಲ್ಲಿ ಒಂದು ಜನತಾ ತರಿಸಿದರು. 'ಬಳಸದ ಹಳೇ ಸ್ಟಾಕು' ಎಂಬ ವಿವರಣೆ, 3,200 ರೂಪಾಯಿ ಬೆಲೆ. ಗಿಳಿಹಸಿರು ಡಯಲು, ಫಳಫಳ ಹೊಳೆಯುತ್ತಿತ್ತು. ಆ ಹಸಿರನ್ನು ನಾನು ನಮ್ಮ ಸಾಲಿನಲ್ಲಿ ಯಾವತ್ತೂ ಕಂಡವಳಲ್ಲ. ತಂದೆಯವರ ಕೈಗೆ ಕಟ್ಟಿ ವಾರವಾಗುವಷ್ಟರಲ್ಲಿ ನಿಂತುಹೋಯಿತು ಎಂದು ನನ್ನ ಮೇಜಿಗೆ ಬಂತು. ಲೂಪ್ ಹಾಕಿ ನೋಡಿದೆ. ಮಷಿನ್ನಿನೊಳಗಿನ ಹರಳುಗಳ ಲೆಕ್ಕ ಹೇಳುವ '17 ಜ್ಯುವೆಲ್ಸ್' ಎಂಬ ಅಕ್ಷರಗಳು ಅಂಚಿನಲ್ಲಿ ಹರಡಿಕೊಂಡಿದ್ದವು. ನಿಮಿಷದ ಗೆರೆಗಳು ಒಂದು ದಪ್ಪ, ಒಂದು ಸಣ್ಣ. ದೊಡ್ಡ ಮುಳ್ಳು ಬೇರೆ ಯಾವುದೋ ವಾಚಿನದು, ನಿಮಿಷದ ಗೆರೆಯ ತನಕ ಮುಟ್ಟುತ್ತಲೇ ಇರಲಿಲ್ಲ. ಮುಳ್ಳು ತೆಗೆದು ಡಯಲು ಎಬ್ಬಿಸಿದೆ. ಡಯಲಿನ ಬೆನ್ನಿಗೆ ಎರಡು ಪುಟ್ಟ ಕಾಲುಗಳಿರುತ್ತವೆ, ಮಷಿನ್ನಿನ ತೂತಿನಲ್ಲಿ ಅವು ಕೂತರೇ ಡಯಲು ಅಲುಗುವುದಿಲ್ಲ. ಇದರ ಎರಡು ಕಾಲನ್ನೂ ಕತ್ತರಿಸಿ ಅಂಟು ಹಾಕಿ ಕೂರಿಸಿದ್ದರು. ಆ ಅಂಟು ಎಳೆಯಾಗಿ ಇಳಿದು ಕೆಳಗಿನ ಹಲ್ಲುಚಕ್ರವನ್ನು ಹಿಡಿದಿತ್ತು. ವಾಚು ನಿಂತದ್ದು ಅದಕ್ಕೇ. ಡಯಲಿನ ಅಂಚಿನಲ್ಲಿ, ಮರಳುಕಾಗದ ತಾಗದೆ ಉಳಿದ ಕಡೆ, ಉಗುರಿನ ಚೂರಿನಷ್ಟು ಹಳೆಯ ಬಿಳಿ ಬಣ್ಣ ಕಾಣುತ್ತಿತ್ತು. ಅಸಲಿ ಜನತಾ ಡಯಲೊಂದನ್ನು ಉಜ್ಜಿ ಹಾಳುಮಾಡಿ ಮೇಲೆ ಹಸಿರು ಹೊಡೆದಿದ್ದರು.

ಇಂಥವಕ್ಕೆ ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎಂದು ಹೆಸರಿಟ್ಟಿದ್ದಾರೆ. ಮುಂಬೈಯವರು ಬೇಸರ ಮಾಡಿಕೊಳ್ಳಬಾರದು, ಬಳಿಯುವ ಕೈಗಳು ಎಲ್ಲ ಊರಲ್ಲೂ ಇವೆ. ಬಣ್ಣ ಬಳಿಯುವುದೇ ಅಪರಾಧ ಎಂದು ನಾನು ಹೇಳುವುದಿಲ್ಲ. ಅಕ್ಷರವೆಲ್ಲ ಅಳಿಸಿ ಕಪ್ಪಾದ ಡಯಲಿಗೆ ಬಣ್ಣ ಹೊಡೆಸಿ, 'ಡಯಲು ಮರುಬಣ್ಣ, ಮಷಿನ್ ಅಸಲಿ, 1,200 ರೂಪಾಯಿ' ಎಂದು ಬರೆದು ಮಾರಿದರೆ ಕೊಳ್ಳುವವನಿಗೆ ಏನು ಕೊಳ್ಳುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಚೆನ್ನಾಗಿರುವ ಡಯಲನ್ನು ಉಜ್ಜಿ, ಬಣ್ಣ ಬಳಿದು, 'ಬಳಸದ ಹಳೇ ಸ್ಟಾಕು' ಎಂದು ಸುಳ್ಳು ಬರೆದು ಎರಡರಷ್ಟು ಬೆಲೆ ಎತ್ತುವುದು ಬೇರೆ ಮಾತು. ದುಡ್ಡು ಕಳೆದುಕೊಂಡವರು ನಾಳೆ ಮತ್ತೆ ಸಂಪಾದಿಸಿಯಾರು. ಆ ಡಯಲು ಎಲ್ಲಿಂದ ಬರಬೇಕು? 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡಲು ಶುರುಮಾಡಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಯಂತ್ರಗಳಲ್ಲಿ, ಆ ಕೈಗಳಲ್ಲಿ ಆದ ಡಯಲು ಇನ್ನು ಆಗುವುದಿಲ್ಲ. ಇರುವಷ್ಟೇ ಇರುವುದು.

ಹಿಂದಿನ ಮುಚ್ಚಳದ ಕಥೆಯೂ ಇಂಥದ್ದೇ. ಆಗೆಲ್ಲ ನಿವೃತ್ತಿಗೆ, ಬೀಳ್ಕೊಡುಗೆಗೆ ವಾಚು ಕೊಡುವಾಗ ಹಿಂದೆ ಹೆಸರು, ತಾರೀಖು ಕೆತ್ತಿಸುತ್ತಿದ್ದರು. ಮಾರುವ ಹುಡುಗರು ಬಫಿಂಗ್ ಚಕ್ರಕ್ಕೆ ಹಿಡಿದು ಅದನ್ನು ನುಣ್ಣಗೆ ಮಾಡಿಬಿಡುತ್ತಾರೆ, ಜೊತೆಗೆ ಕೇಸಿನ ಮೂಲೆಗಳೂ ಸವೆದು ಸಾಬೂನಿನ ಬಿಲ್ಲೆಯ ಹಾಗಾಗುತ್ತವೆ. ಮತ್ತೀಕೆರೆ ಹುಡುಗ ತಂದ ಒಂದು ಸೋನಾ ವಾಚಿನ ಹಿಂದೆ ಯಾವುದೋ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಹೆಸರಿತ್ತು, ಕೆಳಗೆ 'ಶಿಷ್ಯವೃಂದ' ಎಂದು. ಉಜ್ಜಿಸಬೇಡ ಕಣೋ, ಫೋಟೊದಲ್ಲೂ ಅದನ್ನೇ ಮೊದಲು ಹಾಕು ಎಂದೆ. ಹೆಸರಿದ್ದರೆ ಯಾರು ಕೊಳ್ಳುತ್ತಾರೆ ಆಂಟಿ ಎಂದು ಮುಖ ಸಣ್ಣದು ಮಾಡಿಕೊಂಡ. ಅವನು ಹಾಕಿದ್ದ ಬೆಲೆಯಲ್ಲಿ ಒಂದು ರೂಪಾಯಿ ಚೌಕಾಸಿ ಮಾಡದೆ ಕೊಂಡರು. ಕೊಂಡವರೂ ಮೇಷ್ಟ್ರೇ ಅಂತೆ.

ಕೊಳ್ಳುವವರದ್ದೂ ಪಾಲಿದೆ. ಐವತ್ತು ವರ್ಷ ಕೈಮೇಲಿದ್ದ ವಾಚು ಶೋರೂಮಿನಿಂದ ಬಂದ ಹಾಗೆ ಹೊಳೆಯಬೇಕು ಎಂದು ಬಯಸುವವರು ಇರುವ ತನಕ ಬಳಿಯುವವರೂ ಇರುತ್ತಾರೆ. ಹಳೆಯ ಡಯಲು ಕೆನೆಬಣ್ಣಕ್ಕೆ ತಿರುಗಿರುತ್ತದೆ. ನಾವು ರೇಡಿಯಂ ಎನ್ನುವ ಆ ಹೊಳಪಿನ ಚುಕ್ಕೆಗಳು ಮಂಕಾಗಿ ಹಳದಿಗಟ್ಟಿರುತ್ತವೆ. ಡಯಲು ಮತ್ತು ಮುಳ್ಳು ಒಂದೇ ಹದಕ್ಕೆ ಮಾಸಿದ್ದರೆ ಒಳ್ಳೆಯ ಲಕ್ಷಣ. ಒಂದು ಮಾಸಿ ಇನ್ನೊಂದು ಥಳಥಳಿಸಿದರೆ ಅನುಮಾನಿಸಿ. ಮಾರುವವರನ್ನು ಮಷಿನ್ನಿನ ಫೋಟೊ ಕೇಳಿ. ಜನತಾದಂಥ ಕೀ ಕೊಡುವ ವಾಚಿನಲ್ಲಿ ಸಾಮಾನ್ಯವಾಗಿ 0231 ಎಂಬ ನಮೂನೆಯ ಮಷಿನ್ ಇರುತ್ತದೆ. ಹಿಂಬದಿ ತೆಗೆದು ಫೋಟೊ ಕಳಿಸಲು ನೂರು ನೆಪ ಹೇಳುವವರ ಹತ್ತಿರ ಕೊಳ್ಳದಿರುವುದೇ ಲೇಸು. ಅಂದಹಾಗೆ, ಮದುವೆ ಮನೆಯಲ್ಲಿ ಎಚ್‌ಎಂಟಿಯ ಚಿನ್ನದ ಲೇಪದ ಕಾಂಚನ ವಾಚಿಗಾಗಿ ಮುನಿಸಿಕೊಂಡ ಅಳಿಯಂದಿರನ್ನು ನಾನು ಕಂಡಿದ್ದೇನೆ. ಅದೇ ಕಾಂಚನಗಳು ಈಗ ಅವರ ಮೊಮ್ಮಕ್ಕಳ ಕೈಯಿಂದ ಸಂಡೇ ಬಜಾರಿಗೆ ಬರುತ್ತಿವೆ, ಹೆಚ್ಚಿನವು ಚಿನ್ನದ ಲೇಪ ಹೋಗಿ.

ಮನೆಯ ಹಳೆಯ ವಾಚನ್ನು ತಾವೇ ಆನ್‌ಲೈನಿನಲ್ಲಿ ಮಾರಲು ಹೊರಟವರಿಗೆ ಒಂದು ಮಾತು. ಕೊಳ್ಳುವವನು ಸೇನೆಯಲ್ಲಿದ್ದೇನೆ ಎಂದು ಗುರುತಿನ ಚೀಟಿ ಕಳಿಸಿ, ಚೌಕಾಸಿ ಮಾಡದೆ ಒಪ್ಪಿ, ಹಣ ಬರಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಯೇ ಇಲ್ಲ, ಪಿನ್ ಬೇಕಾಗುವುದು ಕೊಡುವಾಗ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮ ಬಡಾವಣೆಯಲ್ಲೇ ಒಬ್ಬರು ಹಳೆಯ ಟೇಪ್‌ರೆಕಾರ್ಡರ್ ಮಾರಲು ಹೋಗಿ ಅದರ ಬೆಲೆಯ ಹಲವು ಪಟ್ಟು ಕಳೆದುಕೊಂಡರು.

ನಾನು ಕೇಳುವುದು ಎರಡೇ. ಮೊದಲನೆಯದು ಆನ್‌ಲೈನ್ ವೇದಿಕೆಗಳಿಗೆ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ಹೇಳಿದ್ದಕ್ಕೂ ಕೊಡುವ ಸರಕಿಗೂ ತಾಳೆಯಾಗಬೇಕು. ಮನೆಯ ಒಂದು ಹಳೆಯ ವಸ್ತುವನ್ನು ಮಾರುವವರಿಗೆ ಆ ನಿಯಮ ಅನ್ವಯಿಸುವುದಿಲ್ಲ, ವಾರವಾರವೂ ವ್ಯಾಪಾರವಾಗಿ ಮಾರುವವರಿಗೆ ಅನ್ವಯಿಸುತ್ತದೆ. ಹಳೆಯ ಫೋನು ಮಾರುವಾಗ ಪರದೆ ಬದಲಾಗಿದೆಯೇ, ಬ್ಯಾಟರಿ ಹೇಗಿದೆ ಎಂದು ತುಂಬಿಸುವ ಹಾಗೆ, ಹಳೆಯ ವಾಚಿಗೂ ಡಯಲು, ಮುಳ್ಳು, ಕೇಸು, ಮಷಿನ್ ಈ ನಾಲ್ಕರಲ್ಲಿ ಯಾವುದು ಅಸಲಿ, ಯಾವುದು ಬದಲಿ ಎಂದು ತುಂಬದೆ ಮಾರಲು ಬಿಡಬಾರದು. ಸುಳ್ಳು ತುಂಬಿದರೆ ಕೊಂಡವರ ಕೈಯಲ್ಲಿ ಬರಹದ ಸಾಕ್ಷಿಯಾದರೂ ಇರುತ್ತದೆ. ಆ ಗಿಳಿಹಸಿರು ವಾಚಿನ ವಿಷಯದಲ್ಲಿ ಮಾರಿದವನು 'ಹಳೇದು ಅಂದಿದ್ದೆನಲ್ಲ, ಹಳೇದೇ ಕೊಟ್ಟಿದ್ದೇನೆ' ಎಂದು ಕೈಝಾಡಿಸಿದ.

ಎರಡನೆಯದು ಎಚ್‌ಎಂಟಿಯವರಿಗೆ. ಜಾಲಹಳ್ಳಿಯಲ್ಲಿ ಕಂಪನಿಯ ಹೆರಿಟೇಜ್ ಸೆಂಟರ್ ಇದೆ, ಹಳೆಯ ವಾಚುಗಳನ್ನು ಚೆಂದವಾಗಿ ಜೋಡಿಸಿಟ್ಟಿದ್ದಾರೆ. ನೋಡಿ ಬರುವುದರ ಜೊತೆಗೆ ಇನ್ನೊಂದು ಉಪಯೋಗ ಅದರಿಂದ ಆಗಬೇಕು. ಯಾವ ಮಾದರಿ ಯಾವ ಯಾವ ಡಯಲಿನಲ್ಲಿ, ಯಾವ ಬಣ್ಣದಲ್ಲಿ, ಯಾವ ಮುಳ್ಳಿನೊಂದಿಗೆ ಹೊರಬಂತು ಎಂಬ ಚಿತ್ರಸಹಿತ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಕಂಪನಿಯೇ ಪ್ರಕಟಿಸಲಿ. ಈಗ ಸಂಗ್ರಾಹಕರು ತಮ್ಮತಮ್ಮಲ್ಲೇ ಊಹೆಯ ಮೇಲೆ ವಾದ ಮಾಡುತ್ತಿದ್ದಾರೆ, ಬಳಿಯುವವರು ಆ ಗೊಂದಲದಲ್ಲೇ ಬೇಳೆ ಬೇಯಿಸಿಕೊಳ್ಳುತ್ತಿದ್ದಾರೆ. ಕಾಗದಪತ್ರ ಎಲ್ಲಿ ಸಾಲದೋ ಅಲ್ಲಿ ನಮ್ಮನ್ನು ಕೇಳಲಿ. ಅಸೆಂಬ್ಲಿ, ಡಯಲ್ ವಿಭಾಗಗಳಲ್ಲಿದ್ದ ನಾವು ಕೆಲವರು ಇನ್ನೂ ಈ ಸುತ್ತಮುತ್ತಲೇ ಇದ್ದೇವೆ, ಸಂಜೆ ಪಾರ್ಕಿನಲ್ಲಿ ಸಿಗುತ್ತೇವೆ. ಡಯಲು ಕೈಗೆ ಕೊಟ್ಟರೆ ನಮ್ಮದು ಹೌದೋ ಅಲ್ಲವೋ ಹೇಳುತ್ತೇವೆ. ಸಂಭಾವನೆ ಬೇಡ, ಕಾಫಿ ಕೊಟ್ಟರೆ ಬೇಡವೆನ್ನುವುದಿಲ್ಲ.

ಇಂತಿ,
ವಾಚ್ ಕಾರ್ಖಾನೆಯ ಮಾಜಿ ನೌಕರೆ,
ಜಾಲಹಳ್ಳಿ, ಬೆಂಗಳೂರು