ಪಾಠ ಚಳಿಗಾಲದಿಂದ ಶುರುವಾಗಲಿ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಲಡಾಖಿನ ಲೇಹ್‌ನಲ್ಲಿ ಪರ್ಮಾಕಲ್ಚರ್, ಅಂದರೆ ನಿಸರ್ಗದ ರೀತಿ ನೋಡಿಕೊಂಡು ಹೊಲ, ನೀರು, ಮನೆ ಹೊಂದಿಸೋ ವಿದ್ಯೆ, ಕಲಿಸೋ ಕೆಲಸ ಸಿಕ್ಕಿದೆ ಅಂತ ನಿನ್ನಮ್ಮ ಹೇಳಿದಳು. ನೀನು ಕಳಿಸಿದ ಪಾಠಗಳ ಪಟ್ಟಿಯನ್ನೂ ಓದಿದೆ. ಜೂನ್‌ನಲ್ಲಿ ಶುರು, ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಪ್ರವಾಸಿಗಳ ಲೆಕ್ಕಕ್ಕೆ ಇದು ಸರಿ, ಅಲ್ಲಿ ವರ್ಷವಿಡೀ ಬದುಕುವವರ ಲೆಕ್ಕಕ್ಕೆ ಸರಿಯಿಲ್ಲ. ನಾನು ಅಲ್ಲಿ ಇದ್ದು ಬಂದವಳು ಅಂತ ಸಲಹೆ ಕೇಳಿದ್ದೀಯ. ಹೇಳುತ್ತೇನೆ, ಉದ್ದ ಆಯ್ತು ಅಂತ ಗೊಣಗಬೇಡ.

ಮೊದಲು ಆರೋಗ್ಯ. ಲೇಹ್ ಇರುವುದು ಸುಮಾರು 3500 ಮೀಟರ್ ಎತ್ತರದಲ್ಲಿ. ವಿಮಾನ ಇಳಿದ ಮೇಲೆ ಎರಡು ದಿನ ಸುಮ್ನೆ ಮಲಗಿರು. ತಲೆನೋವು ಬಂದರೆ ಗಂಡಸ್ತನ ತೋರಿಸಲು ಹೋಗದೆ ಡಾಕ್ಟರ ಹತ್ತಿರ ಹೋಗು. ಚಳಿಗಾಲದಲ್ಲಿ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಸಿಟ್ಟು, ಕಿಟಕಿ ಪೂರ್ತಿ ಮುಚ್ಚಿ ಮಲಗಲೇಬೇಡ. ಅದರಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಈಗ ಪಾಠದ ಮಾತು. ಪರ್ಮಾಕಲ್ಚರ್ ಹುಟ್ಟಿದ್ದು 1970ರ ದಶಕದಲ್ಲಿ, ಟಾಸ್ಮೇನಿಯಾದಲ್ಲಿ, ಬಿಲ್ ಮೊಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಇಬ್ಬರ ತಲೆಯಲ್ಲಿ. ನೀನು ಅದರ 72 ಗಂಟೆಯ ಕೋರ್ಸ್ ಮಾಡಿದೆ, ಆದರೆ ಕೈ ಪಳಗಿದ್ದು ನಮ್ಮ ಶಿರಸಿ ಕಡೆಯ ಅಡಿಕೆ ತೋಟದಲ್ಲಿ. ದರಕಿನ (ಒಣಗಿದ ಎಲೆಯ) ಹೊದಿಕೆ, ಇಂಗುಗುಂಡಿ, ಅಡಿಕೆ ಕೆಳಗೆ ಬಾಳೆ, ಬಾಳೆ ಕೆಳಗೆ ಏಲಕ್ಕಿ. ಪಟ್ಟಿಯಲ್ಲೂ ಅದೇ ಇದೆ. ಲೇಹ್‌ನಲ್ಲಿ ವರ್ಷಪೂರ್ತಿ ಬೀಳುವ ಮಳೆ, ಹಿಮ ಎಲ್ಲ ಸೇರಿ 100 ಮಿ.ಮೀ. ಆಸುಪಾಸು. ನಮ್ಮಲ್ಲಿ ಆಷಾಢದ ಒಂದು ಜೋರು ದಿನಕ್ಕೆ ಅಷ್ಟು ಸುರಿಯುತ್ತದೆ. ಅಲ್ಲಿ ಇಂಗುಗುಂಡಿ ತೋಡಿಸಿ ಏನನ್ನು ಇಂಗಿಸುತ್ತೀಯ?

ಹೊದಿಕೆಯದೂ ಹಾಗೇ. ನೆಲದ ಮೇಲೆ ಹುಲ್ಲು ಹೊದಿಸಿದರೆ ತೇವ ಉಳಿಯುತ್ತದೆ, ನಿಜ. ಆದರೆ ವಸಂತದಲ್ಲಿ ಅದೇ ಹೊದಿಕೆ ಬಿಸಿಲನ್ನು ಮಣ್ಣಿಗೆ ಮುಟ್ಟಲು ಬಿಡುವುದಿಲ್ಲ. ಮಣ್ಣು ತಣ್ಣಗೇ ಉಳಿದು ಬೀಜ ಮೊಳೆಯುವುದು ತಡವಾಗುತ್ತದೆ. ಬೆಳೆಯ ಕಾಲವೇ ನಾಲ್ಕೈದು ತಿಂಗಳು ಇರುವ ಊರಲ್ಲಿ ಎರಡು ವಾರ ಕಳೆದುಕೊಂಡರೆ ಬಾರ್ಲಿ ಹಣ್ಣಾಗುವ ಮೊದಲೇ ಚಳಿ ಬಂದು ಕೂರುತ್ತದೆ. ಬಿತ್ತುವ ಮೊದಲು ಹೊದಿಕೆ ಸರಿಸಿ, ಗಿಡ ಎದ್ದ ಮೇಲೆ ಮತ್ತೆ ಎಳೆಯಬೇಕು. ಅಷ್ಟಕ್ಕೂ ಆ ಹುಲ್ಲನ್ನು ಎಲ್ಲಿಂದ ತರುತ್ತೀಯ? ಅದು ಚಳಿಗಾಲಕ್ಕೆ ದನದ ಮೇವು. ಸಗಣಿ ಒಲೆಯ ಉರುವಲು. ಎರಡನ್ನೂ ಗೊಬ್ಬರಕ್ಕೆ ಹಾಕಿ ಅಂತ ಮೊದಲ ದಿನವೇ ಭಾಷಣ ಮಾಡಿದರೆ ಅಜ್ಜಿಯರು ನಕ್ಕು, ಉಪ್ಪಿನ ಚಹಾ ಕೊಟ್ಟು ಕಳಿಸುತ್ತಾರೆ.

ಗೊಬ್ಬರಕ್ಕೆ ಅವರ ದಾರಿಯೇ ಬೇರೆ. ಹಳೇ ಮನೆಗಳಲ್ಲಿ ಒಣ ಪಾಯಿಖಾನೆ ಇರುತ್ತದೆ, ಎರಡು ಅಂತಸ್ತಿನದು. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಂಡಿ, ಮೂಲೆಯಲ್ಲಿ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಸಲಿಕೆ. ಕೆಲಸ ಮುಗಿದ ಮೇಲೆ ಒಂದೆರಡು ಸಲಿಕೆ ಮಣ್ಣು ಕೆಳಗೆ ತಳ್ಳಬೇಕು. ಒಲೆಯ ಬೂದಿಯೂ ಅಲ್ಲಿಗೇ. ಒಣ ಹವೆಗೆ ವಾಸನೆ ಅಷ್ಟಾಗಿ ಬರುವುದಿಲ್ಲ. ಕೆಳಗಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳಿತದ್ದನ್ನು ಆಮೇಲೆ ಹೊಲಕ್ಕೆ ಹಾಕುತ್ತಾರೆ. ನೀರು ಬೇಡ, ಹೆಪ್ಪುಗಟ್ಟಿ ಒಡೆಯಲು ಪೈಪೂ ಇಲ್ಲ. ಈಗ ಹೋಟೆಲುಗಳು ಬೋರ್‌ವೆಲ್ ಕೊರೆದು ಫ್ಲಶ್ ಹಾಕಿಸಿವೆ, ಕೊಳಕು ಗುಂಡಿಯಿಂದ ನೆಲದ ನೀರಿಗೇ ಇಳಿಯುತ್ತಿದೆ. ನಿನ್ನ ಕೋರ್ಸಿನಲ್ಲಿ ಈ ಪಾಯಿಖಾನೆಗೆ ಒಂದು ಇಡೀ ದಿನ ಕೊಡು. ಮುಜುಗರ ಪಡಬೇಡ, ಸಲಿಕೆ ನೀನೇ ಮೊದಲು ಹಿಡಿ.

ನೀರಿನ ಪಾಠಕ್ಕೆ ಊರಿನ ಚುರ್ಪೋನ್ ಹಿಂದೆ ಓಡಾಡಿದರೆ ಸಾಕು. ಯಾರ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳುವವನು ಅವನು. ಅಲ್ಲಿ ನೀರು ಅಂದರೆ ಹಿಮ ಕರಗಿ ಕಾಲುವೆಯಲ್ಲಿ ಬರುವುದು. ತೊಂದರೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿತ್ತನೆಗೆ ನೀರು ಬೇಕು, ಆದರೆ ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ. ಚೇವಾಂಗ್ ನೋರ್ಫೆಲ್ ಅನ್ನುವ ಸಿವಿಲ್ ಎಂಜಿನಿಯರ್ ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗುವ ತೊರೆಯನ್ನು ನೆರಳಿನ ಜಾಗಕ್ಕೆ ತಿರುಗಿಸಿ, ಊರಿನ ಹತ್ತಿರವೇ ಮಂಜುಗಡ್ಡೆ ಕಟ್ಟುವಂತೆ ಮಾಡಿದರು. ಮೇಲಿನ ಹಿಮನದಿಗಿಂತ ಕೆಳಗೆ ಇರುವುದರಿಂದ ಅದು ಮೊದಲೇ ಕರಗುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ವಾಂಗ್ಚುಕ್ ಅವರ ಐಸ್ ಸ್ತೂಪವೂ ಅದೇ ಜಾಡಿನದು. ಎತ್ತರದಿಂದ ಪೈಪಿನಲ್ಲಿ ಬಂದ ನೀರು ಪಂಪಿಲ್ಲದೆ ಚಿಮ್ಮಿ, ಗೋಪುರದ ಹಾಗೆ ಗಟ್ಟಿಯಾಗುತ್ತದೆ. ಆ ಆಕಾರದಲ್ಲಿ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆ, ಹಾಗಾಗಿ ನಿಧಾನ ಕರಗುತ್ತದೆ. ಗಮನಿಸಿದೆಯಾ? ಎರಡೂ ಚಳಿಗಾಲದಲ್ಲಿ ಮಾಡುವ ಕೆಲಸ. ಜೂನ್‌ನಲ್ಲಿ ಬರುವ ನಿನ್ನ ವಿದ್ಯಾರ್ಥಿಗೆ ಕಾಣುವುದು ಒದ್ದೆ ಕಲ್ಲು ಮಾತ್ರ.

ಅದಕ್ಕೇ ಹೇಳುವುದು, ಕೋರ್ಸನ್ನು ಡಿಸೆಂಬರ್‌ನಲ್ಲಿ ಶುರುಮಾಡು. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇರುವಾಗ ಲೇಹ್ ಹತ್ತಿರದ ಫೇ ಊರಿನ ಸೆಕ್ಮೋಲ್ ಅನ್ನುವ ಶಾಲೆಯೊಳಗೆ ಒಲೆ ಹಚ್ಚದೆಯೇ ಮಕ್ಕಳು ಕೂತು ಓದುತ್ತಾರೆ. ದಪ್ಪ ಮಣ್ಣಿನ ಗೋಡೆ, ದಕ್ಷಿಣಕ್ಕೆ ದೊಡ್ಡ ಗಾಜು, ಅಷ್ಟೇ. (ದಕ್ಷಿಣದ ಬಾಗಿಲು ಅಂದರೆ ಮೂಗು ಮುರಿಯುವ ನಮ್ಮವರನ್ನು ಒಂದು ಜನವರಿ ಅಲ್ಲಿ ಇರಿಸಬೇಕು.) ಮೊದಲ ತರಗತಿಗೆ ಒಂದು ಸೀಮೆಸುಣ್ಣ ಸಾಕು. ಕಿಟಕಿಯ ಮೇಲಂಚು ನೆಲದಿಂದ ಎರಡು ಮೀಟರ್ ಇದ್ದರೆ, ಡಿಸೆಂಬರ್ 21ರ ನಡುಮಧ್ಯಾಹ್ನ ಬಿಸಿಲು ಸುಮಾರು ಮೂರು ಮೀಟರ್ ಒಳಗೆ ಬರುತ್ತದೆ. ಅಲ್ಲಿ ಗೆರೆ ಎಳೆಸು. ಜೂನ್ 21ಕ್ಕೆ ಮತ್ತೆ ಎಳೆಸು, ಒಂದು ಮೊಳವೂ ಬಂದಿರುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಹೋಗುತ್ತಾನೆ, ಬೇಸಿಗೆಯಲ್ಲಿ ನೆತ್ತಿಯ ಹತ್ತಿರ. ಮನೆ ಎಲ್ಲಿಗೆ ಮುಖ ಮಾಡಬೇಕು, ಹಸಿರುಮನೆಯ ಪ್ಲಾಸ್ಟಿಕ್ ಯಾವ ಕಡೆಗೆ, ಮಣ್ಣಿನ ಗೋಡೆ ಯಾವ ಕಡೆಗೆ ಅನ್ನೋದೆಲ್ಲ ಆ ಎರಡು ಗೆರೆಯಿಂದಲೇ ಬಿಡಿಸಿ ಹೇಳಬಹುದು. ಫೆಬ್ರವರಿಯಲ್ಲಿ ಆ ಹಸಿರುಮನೆಯಲ್ಲಿ ಪಾಲಕ್ ಕೊಯ್ದು ತಿನ್ನಿಸು. ನಾಲ್ಕು ತಿಂಗಳಿಂದ ಗುಂಡಿಯಲ್ಲಿಟ್ಟ ಆಲೂಗಡ್ಡೆ, ಮೂಲಂಗಿ ತಿಂದವರಿಗೆ ಬೇರೆ ಪ್ರಚಾರ ಬೇಕಾಗಿಲ್ಲ.

ಗಿಡಗಳ ವಿಷಯ ಜಾಸ್ತಿ ಹೇಳುವುದಿಲ್ಲ. ಹೊರಗಿನ ಬೀಜದ ಪ್ಯಾಕೆಟ್ ಹೊತ್ತುಕೊಂಡು ಹೋಗಬೇಡ, ಅಷ್ಟೇ. ಅಲ್ಲಿನ ಸೀಬಕ್‌ಥಾರ್ನ್ ಅನ್ನುವ ಮುಳ್ಳುಪೊದೆ, ಅದೊಂದೇ ಗಿಡ ಬೇಲಿಯಾಗುತ್ತದೆ, ಮಣ್ಣು ಹಿಡಿಯುತ್ತದೆ, ಬೇರಿನಲ್ಲಿ ಸಾರಜನಕ ಕೂಡಿಸುತ್ತದೆ, ಹುಳಿಹಣ್ಣೂ ಕೊಡುತ್ತದೆ. ನಿನ್ನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಕೊನೆಯದಾಗಿ ದುಡ್ಡಿನ ಮಾತು. ಚುರ್ಪೋನ್, ಹಸಿರುಮನೆ ನಡೆಸುವ ಹೆಂಗಸರು, ಮಣ್ಣಿನ ಗೋಡೆ ಕಟ್ಟುವ ಮೇಸ್ತ್ರಿ ಇವರನ್ನು ‘ಅತಿಥಿ’ ಅಂತ ಒಂದು ಗಂಟೆ ಕೂರಿಸಿ ಶಾಲು ಹೊದಿಸಿ ಕಳಿಸಬೇಡ. ಕೋರ್ಸಿನ ಅರ್ಧ ದಿನಗಳನ್ನು ಅವರಿಗೆ ಬಿಡು. ಒಂದು ದಿನದ ಪಾಠಕ್ಕೆ ನಿನಗೆಷ್ಟು ಕೊಡುತ್ತಾರೋ ಅವರಿಗೂ ಅಷ್ಟೇ ಸಿಗಬೇಕು ಅಂತ ಕೆಲಸಕ್ಕೆ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳು. ಕೆಲಸ ಕೊಟ್ಟವರು ಏನು ಹೇಳಿದರು ಅಂತ ನನಗೆ ತಿಳಿಸು.

ನಿನ್ನ ದೊಡ್ಡಮ್ಮ